ಕೇಳದೆ ಬಿಟ್ಟ ಐದನೆಯ ಪ್ರಶ್ನೆ

ರಾಧಾಮಣಿಗೆ ಆಫೀಸಿನಲ್ಲಿ ‘ಫಾರಂ ಅಕ್ಕ’ ಎಂಬ ಹೆಸರಿತ್ತು. ಅವಳ ಎದುರಿಗೇ ಹಾಗೆ ಕರೆಯುವ ಧೈರ್ಯ ಇದ್ದದ್ದು ಪಕ್ಕದ ಮೇಜಿನ ಸಬಾ ಒಬ್ಬಳಿಗೆ. ಕೊಡಿಗೇಹಳ್ಳಿ ಮುಖ್ಯರಸ್ತೆಯಲ್ಲಿ ಬಣ್ಣದ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ ಅವರ ಪುಟ್ಟ ಕಂಪನಿ. ಆರು ಮೇಜು, ಏಳು ಜನ. ಆಸ್ಪತ್ರೆ, ಶಾಲೆ, ಸಹಕಾರ ಸಂಘಗಳ ವೆಬ್‌ಸೈಟುಗಳಲ್ಲಿ ಕಳ್ಳರು ನುಗ್ಗಬಹುದಾದ ಸಂದು ಎಲ್ಲಿದೆ ಎಂದು ಕಳ್ಳರಿಗಿಂತ ಮೊದಲು ಹುಡುಕಿ ಹೇಳುವುದು ಅವರ ಕಸುಬು. ಬಾಗಿಲಿಗೆ ಬೀಗ ಹಾಕಿದೆ ಎಂದು ಮನೆಯವರು ಹೇಳುತ್ತಾರೆ. ಆ ಬೀಗವನ್ನು ಎಳೆದು ನೋಡುವವಳು ರಾಧಾಮಣಿ.

ಹನ್ನೆರಡು ವರ್ಷದಿಂದ ಎಳೆದು ನೋಡುತ್ತಲೇ ಇದ್ದಳು. ಯಲಹಂಕದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಒಂದು ಅಭ್ಯಾಸ ಅಂಟಿಕೊಂಡಿತ್ತು. ಅಳತೆಯನ್ನು ಮೂರು ಸಲ ತೆಗೆದುಕೊಳ್ಳಬೇಕು, ಮೂರನ್ನೂ ಬರೆದಿಡಬೇಕು, ತಪ್ಪಿದ್ದನ್ನು ಒರೆಸದೆ ಅಡ್ಡಗೆರೆ ಎಳೆಯಬೇಕು. ಅದು ಈ ಕೆಲಸಕ್ಕೆ ಚೆನ್ನಾಗಿ ಒದಗಿ ಬಂತು. ಬ್ರೌಸರಿಗೂ ದೂರದ ಕಂಪ್ಯೂಟರಿಗೂ ನಡುವೆ ಕೂರುವ ಒಂದು ಉಪಕರಣವಿದೆ. ಹೋಗುವ ಬರುವ ಪ್ರತಿ ಸಂದೇಶವನ್ನೂ ಅದು ತಡೆದು ನಿಲ್ಲಿಸುತ್ತದೆ. ಅವಳು ಅದರೊಳಗಿನ ಒಂದು ಅಂಕಿಯನ್ನು ಮಾತ್ರ ಬದಲಿಸಿ ಮುಂದಕ್ಕೆ ಬಿಡುತ್ತಾಳೆ. ಶಾಲೆಯೊಂದರ ಸೈಟಿನಲ್ಲಿ ವಿಳಾಸದ ಕೊನೆಯಲ್ಲಿದ್ದ 204ನ್ನು 205 ಮಾಡಿದಾಗ ಇನ್ನೊಂದು ಮಗುವಿನ ಅಂಕಪಟ್ಟಿ ತೆರೆದುಕೊಂಡಿತ್ತು. ಅವತ್ತು ಅವಳು ಹೆಡ್ಮೇಡಂಗೆ ಫೋನ್ ಮಾಡಿ, ಸಂಜೆಯೊಳಗೆ ಅದನ್ನು ಮುಚ್ಚಿಸಿಯೇ ಮನೆಗೆ ಹೋಗಿದ್ದಳು.

ಇನ್ನೊಂದು ಉಪಕರಣ ಸ್ಕ್ಯಾನರ್. ಲಾಗಿನ್ ಮಾಡಿಕೊಟ್ಟು ಬಿಟ್ಟರೆ ಸೈಟಿನ ಒಂದು ಕೊಂಡಿಯನ್ನೂ ಬಿಡದೆ ತಾನೇ ಒತ್ತುತ್ತಾ ಹೋಗುತ್ತದೆ. “ಅದಕ್ಕೆ ಕೈ ಇದೆ, ಬುದ್ಧಿ ಇಲ್ಲ,” ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದಳು. ಆದ್ದರಿಂದ ಸ್ಕ್ಯಾನರನ್ನು ಬಿಡುವ ಮೊದಲು ಗಿರಾಕಿಯ ಮುಂದೆ ಒಂದು ಹಾಳೆ ಇಡುತ್ತಿದ್ದಳು. ಅವಳೇ ಬರೆದ ಏಳು ಪ್ರಶ್ನೆ, ಕೆಳಗೆ ರುಜು. ಐದನೆಯ ಪ್ರಶ್ನೆ ಹೀಗಿತ್ತು: ‘ಇದರ ಇನ್ನೊಂದು ಪ್ರತಿ ಇದೆಯೇ? ಎಲ್ಲಿದೆ? ಅದನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?’ ಗಿರಾಕಿಗಳು ಗೊಣಗುತ್ತಿದ್ದರು. ಒಬ್ಬ ಆಸ್ಪತ್ರೆಯ ಮ್ಯಾನೇಜರ್, “ಮೇಡಂ, ಮದುವೆ ಮಾಡ್ಕೊಳ್ವಾಗ್ಲೂ ನಾನಿಷ್ಟು ಸಹಿ ಹಾಕಿಲ್ಲ,” ಎಂದಿದ್ದ. ಉತ್ತರ ಪಡೆಯದೆ ರಾಧಾಮಣಿ ಕೆಲಸ ಶುರುಮಾಡಿದ್ದು ಆ ಹನ್ನೆರಡು ವರ್ಷದಲ್ಲಿ ಒಂದೇ ಸಲ. ಅದು ಸ್ವಂತ ಚಿಕ್ಕಪ್ಪನ ಮನೆಯಲ್ಲಿ.

ಚಿಕ್ಕಪ್ಪ ಮುನಿಆಂಜಿನಪ್ಪನವರು ನೀರಿನ ಇಲಾಖೆಯಲ್ಲಿ ವಾಲ್ವ್‌ಮ್ಯಾನ್ ಆಗಿದ್ದವರು. ಕೊಡಿಗೇಹಳ್ಳಿಯಿಂದ ಕೆಂಪಾಪುರದವರೆಗೆ ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬರಬೇಕೆಂದು ಮೂವತ್ತೊಂದು ವರ್ಷ ಕಬ್ಬಿಣದ ಕೀಲಿ ತಿರುಗಿಸಿದವರು. ಊರವರಿಗೆ ಅವರು ‘ವಾಲ್ವ್ ಮುನಿಯಣ್ಣ’. ನಿವೃತ್ತಿಯಾದ ಮೇಲೆ ಒಂದು ಹುಚ್ಚು ಹತ್ತಿಸಿಕೊಂಡರು. ಬಡಾವಣೆಗಳ ಕೆಳಗೆ ಹೂತುಹೋದ ಹೊಲಗಳ, ಬಾವಿಗಳ, ತೋಪುಗಳ ಹೆಸರನ್ನು ಕೂಡಿಹಾಕುವ ಹುಚ್ಚು. ಕೋಡಿ ಹೊಲ, ಬೂರುಗದ ಮರದ ಹೊಲ, ಕಪಿಲೆ ಬಾವಿ. ಹಳಬರ ಮನೆಗೆ ಹೋಗಿ, ಎದುರಿಗೆ ಫೋನ್ ಇಟ್ಟು, “ಯೋಳಪ್ಪ, ಆ ಬಾವಿ ಎಲ್ಲಿತ್ತು?” ಎಂದು ಕೇಳಿ ಅವರ ದನಿಯನ್ನೇ ಹಿಡಿದುಕೊಂಡು ಬರುತ್ತಿದ್ದರು. ಆರು ವರ್ಷದಲ್ಲಿ ನಾನೂರ ಹದಿನೆಂಟು ಹೆಸರು, ನೂರ ಅರವತ್ತಮೂರು ದನಿ. ಆ ಪೈಕಿ ಎಪ್ಪತ್ತೊಂದು ಜನ ಈಗ ಇಲ್ಲ.

ಅದನ್ನೆಲ್ಲ ಒಂದು ವೆಬ್‌ಸೈಟ್ ಮಾಡಿಕೊಟ್ಟವನು ಹಿಂದಿನ ಬೀದಿಯ ಗಿರಿ. ಎಂ.ಸಿ.ಎ. ಮುಗಿಸಿದ್ದ. “ಒಂದಕ್ಷರ ಇಂಗ್ಲಿಷ್ ಇರ್ಬಾರ್ದು” ಎಂಬ ಚಿಕ್ಕಪ್ಪನ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿ, ಒಳಗಿನ ವಿಳಾಸಗಳಿಗೂ ಕನ್ನಡದ ಹೆಸರನ್ನೇ ಇಟ್ಟಿದ್ದ. ಚಿಕ್ಕಪ್ಪನ ಫೋನು ತುಂಬಿಕೊಂಡಾಗ, “ಸೈಟಲ್ಲಿ ಇದೆಯಲ್ಲ ತಾತ, ಫೋನಿಂದ ತೆಗೀರಿ” ಎಂದು ಹೇಳಿದವನೂ ಅವನೇ. ಆಮೇಲೆ ಕೆಲಸ ಸಿಕ್ಕಿ ಹೈದರಾಬಾದಿಗೆ ಹೋದ.

ಒಂದು ಶನಿವಾರ ಚಿಕ್ಕಪ್ಪ ಫೋನ್ ಮಾಡಿದರು. “ರಾಧಾ, ನನ್ ಸೈಟ್ಗೆ ಯಾರೋ ನುಗ್ಗವ್ರೆ ಕಣಮ್ಮ. ಬಾವಿ ಒತ್ತಿದ್ರೆ ಇಸ್ಪೀಟು ಬತ್ತೈತೆ.”

ಮರುದಿನ ಬೆಳಗ್ಗೆ ಹತ್ತೂವರೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದಳು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಮ್ಮ ದ್ರೌಪದಮ್ಮ ಅವಳನ್ನು ಕಂಡದ್ದೇ ಶುರುಮಾಡಿದರು.

“ಊರೋರೆಲ್ಲ ಸೈಟ್ ಮಾಡ್ಕಂಡು ನಾಕ್ ನಾಕ್ ಮಹಡಿ ಎಬ್ಬಿಸವ್ರೆ. ನಮ್ ಯಜಮಾನ್ರ ಸೈಟ್ ನೋಡವ್ವ, ಒಂದ್ ಚಪ್ಪಡಿ ಕಲ್ಲೂ ಇಲ್ಲ!”

“ನಿಂಗೇನ್ ಗೊತ್ತೈತೆ? ಈ ಸೈಟ್ಗೆ ಯಾರೂ ಬೇಲಿ ಆಕಕ್ಕಾಗಲ್ಲ ಕಣೇ,” ಎಂದರು ಚಿಕ್ಕಪ್ಪ.

“ಬೇಲಿ ಇಲ್ದಿದ್ಕೇ ಅಲ್ವ ಇಸ್ಪೀಟ್ನೋರು ಒಳೀಕ್ ಬಂದಿರೋದು!”

ರಾಧಾಮಣಿ ನಗುತ್ತಲೇ ಚೀಲದೊಳಗೆ ಕೈ ಹಾಕಿದಳು. ಹಾಳೆ ಬೆರಳಿಗೆ ಸಿಕ್ಕಿತು. ಆದರೆ ಹೊರಗೆ ತೆಗೆಯಲಿಲ್ಲ.

ಇದಕ್ಕೆ ಕಾರಣವಿತ್ತು. ಅವಳಿನ್ನೂ ಶಾಲೆಯಲ್ಲಿದ್ದಾಗ ಅವಳಪ್ಪ ನರಸಿಂಹಯ್ಯ ಇದೇ ಜಗಲಿಯ ಮೇಲೆ ತಮ್ಮನ ಮುಂದೆ ಒಂದು ಕಾಗದ ಇಟ್ಟು, “ರುಜು ಹಾಕು” ಎಂದಿದ್ದರು. ಅಣ್ಣ ಕೊಟ್ಟ ಕಾಗದವನ್ನು ಓದುವುದುಂಟೇ? ಮುನಿಆಂಜಿನಪ್ಪ ಓದದೆ ಹಾಕಿದರು. ಭಾಗದಲ್ಲಿ ಅವರ ಪಾಲಿಗೆ ಕೆರೆ ಅಂಚಿನ ಜೌಗು ಮಾತ್ರ ಬಂದಿದೆ ಎಂಬುದು ಎರಡು ವರ್ಷ ಕಳೆದು ಗೊತ್ತಾಯಿತು. ಆ ಜೌಗೂ ರಸ್ತೆಗೆ ಹೋಯಿತು. ಅವರು ಜಗಳ ಆಡಲಿಲ್ಲ. ಅಣ್ಣ ಸತ್ತಾಗ ಚಟ್ಟಕ್ಕೆ ಹೆಗಲು ಕೊಟ್ಟರು. ಆದರೆ ಅಂದಿನಿಂದ ಆ ಮನೆತನದಲ್ಲಿ ಒಬ್ಬರ ಮುಂದೊಬ್ಬರು ಕಾಗದ ಚಾಚುವುದು ನಿಂತುಹೋಯಿತು. ಮದುವೆಯ ಕರೆಯೋಲೆಯನ್ನು ಕೂಡ ಕೈಗೆ ಕೊಡದೆ ದೇವರ ಮುಂದೆ ಇಟ್ಟು ಬರುತ್ತಿದ್ದರು. ನರಸಿಂಹಯ್ಯನ ಮಗಳು ಅದೇ ಜಗಲಿಯ ಮೇಲೆ ಕೂತು ಅದೇ ಮನುಷ್ಯನಿಗೆ ‘ಇಲ್ಲಿ ರುಜು ಹಾಕಿ ಚಿಕ್ಕಪ್ಪ’ ಎನ್ನುವುದು ಹೇಗೆ?

ಬಾಯಿಮಾತಿನಲ್ಲಿ ಕೇಳಬಹುದಿತ್ತು. ಅದು ಅವಳಿಗೆ ಆಮೇಲೆ ಹೊಳೆಯಿತು. ಹನ್ನೆರಡು ವರ್ಷದಿಂದ ಪ್ರಶ್ನೆಗಳು ಹಾಳೆಯಲ್ಲಿದ್ದವು. ಹಾಳೆ ಚೀಲದಲ್ಲಿ ಉಳಿದಾಗ ಅವೂ ಅಲ್ಲೇ ಉಳಿದವು. ಚಿಕ್ಕಪ್ಪ ಡೈರಿ ನೋಡಿ ಪಾಸ್‌ವರ್ಡ್ ಓದಿ ಹೇಳಿದರು. ಸೈಟಿನ ನಕಲೊಂದನ್ನು ಮಾಡಿಕೊಂಡು ಅದರ ಮೇಲೆ ಪರೀಕ್ಷೆ ನಡೆಸುವುದು ಅವಳ ಪದ್ಧತಿ. ಮನೆ ಕೆಲಸ ತಾನೇ ಎಂದು ಅವತ್ತು ಅದನ್ನೂ ಬಿಟ್ಟಳು. ಚಿಕ್ಕಪ್ಪನ ಹೆಸರಿನಲ್ಲೇ ಲಾಗಿನ್ ಆಗಿ, ಸ್ಕ್ಯಾನರನ್ನು ಬಿಟ್ಟು, ಊಟಕ್ಕೆ ಎದ್ದಳು.

ಮುದ್ದೆ, ಅವರೆಕಾಳಿನ ಸಾರು. ಚಿಕ್ಕಪ್ಪ ಹೊಸದಾಗಿ ಸಿಕ್ಕ ಒಂದು ತೋಪಿನ ಹೆಸರು ಹೇಳಿದರು. ಚಿಕ್ಕಮ್ಮ ಎರಡನೆಯ ಮುದ್ದೆಯನ್ನು ಕೇಳದೆಯೇ ಹಾಕಿದರು. ಕೈ ತೊಳೆದು ಬಂದು ನೋಡಿದಾಗ ಸ್ಕ್ಯಾನರ್ ಕೆಲಸ ಮುಗಿಸಿತ್ತು. ಇಸ್ಪೀಟಿನವರು ನುಗ್ಗಿದ ಸಂದು ಸಿಕ್ಕಿತ್ತು. ಓದುಗರು ಟಿಪ್ಪಣಿ ಬರೆಯುವ ಜಾಗದಲ್ಲಿ ಏನನ್ನು ಬೇಕಾದರೂ ಬರೆದು ತೂರಿಸಬಹುದಿತ್ತು. ಅದನ್ನು ಖಚಿತಪಡಿಸಿಕೊಳ್ಳಲು ಅವಳು ಸೈಟಿನ ಮೊದಲ ಪುಟ ತೆರೆದಳು.

‘ಒಟ್ಟು ಹೆಸರುಗಳು: 0’.

ಲಾಗಿನ್ ಕಳಚಿರಬೇಕು ಎಂದುಕೊಂಡಳು. ಮತ್ತೆ ಲಾಗಿನ್ ಆದಳು. ಸೊನ್ನೆ. ಸ್ಕ್ಯಾನರಿನ ದಾಖಲೆ ತೆರೆದಳು. ಸಾಲಾಗಿ ನಾನೂರ ಹದಿನೆಂಟು ಬಾರಿ ಒಂದೇ ಬಗೆಯ ಕೊಂಡಿ: ಅಳಿಸು 1, ಅಳಿಸು 2, ಅಳಿಸು 3. ಪ್ರತಿಯೊಂದರ ಎದುರಿಗೂ ಸೈಟು ‘ಆಯಿತು’ ಎಂದು ಉತ್ತರ ಕೊಟ್ಟಿತ್ತು. ಹೆಸರಿನ ಜೊತೆಗೆ ಅದಕ್ಕೆ ಸೇರಿದ ದನಿಯೂ ಹೋಗಿತ್ತು. ಸ್ಕ್ಯಾನರು ಮುಟ್ಟಬಾರದ ಕೊಂಡಿಗಳ ಪಟ್ಟಿಯೊಂದನ್ನು ಅವಳು ಎಂದೋ ಮಾಡಿಟ್ಟಿದ್ದಳು. ಡಿಲೀಟ್, ರಿಮೂವ್, ಲಾಗೌಟ್ ಎಲ್ಲ ಅದರಲ್ಲಿದ್ದವು. ‘ಅಳಿಸು’ ಇರಲಿಲ್ಲ. ಇಷ್ಟು ವರ್ಷದಲ್ಲಿ ಒಳಗಿನ ವಿಳಾಸದಲ್ಲೂ ಕನ್ನಡದ ಪದ ಇರುವ ಸೈಟು ಅವಳ ಕೈಗೆ ಒಂದೂ ಬಂದಿರಲಿಲ್ಲ.

ಚಿಕ್ಕಪ್ಪ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಅವಳು ಲ್ಯಾಪ್‌ಟಾಪ್ ಮುಚ್ಚಿದ ಸದ್ದಿಗೆ ಕಣ್ಣು ಬಿಟ್ಟರು.

“ಆಯ್ತಾ ಮಗ?”

“ಆಯ್ತು ಚಿಕ್ಕಪ್ಪ. ರಿಪೋರ್ಟ್ ಕಳಿಸ್ತೀನಿ.”

ಮನೆಗೆ ಹೋಗಿ ಸರಿಮಾಡಿ ಆಮೇಲೆ ಹೇಳೋಣ ಎಂಬುದು ಆ ಹೊತ್ತಿನ ಯೋಚನೆ. ಸರಿಮಾಡಲು ಏನೂ ಉಳಿದಿರಲಿಲ್ಲ. ಸೋಮವಾರ ಬೆಳಗ್ಗೆ ಚಿಕ್ಕಪ್ಪನೇ ಫೋನ್ ಮಾಡಿದರು. ದನಿ ಬಿದ್ದುಹೋಗಿತ್ತು.

“ರಾಧಾ, ಎಲ್ಲಾ ಓಗೈತೆ ಕಣಮ್ಮ. ನಿನ್ನೆ ಸಾಯಂಕಾಲ ಒಂದ್ ಫೋಟೋ ಆಕಕ್ಕೋದೆ. ಏನ್ ಒತ್ಬಿಟ್ನೋ ಏನೋ. ನಾನೇ ಆಳ್ಮಾಡ್ಬಿಟ್ಟೆ.”

ಹೇಳಿಬಿಡುವ ಜಾಗ ಅದು. ಅವಳೂ ಬಾಯಿ ತೆರೆದಳು. ಬಂದದ್ದು, “ನೋಡ್ತೀನಿ ಚಿಕ್ಕಪ್ಪ” ಎಂಬ ಮಾತು.

ಮಂಗಳವಾರ ಹೇಳೋಣ ಎಂದುಕೊಂಡಳು. ಮಂಗಳವಾರ, ಏನಾದರೂ ಒಂದಿಷ್ಟನ್ನು ವಾಪಸು ತಂದು ಕೈಯಲ್ಲಿ ಹಿಡಿದುಕೊಂಡು ಹೋಗಿ ಹೇಳೋಣ ಎನಿಸಿತು. ಚಿಕ್ಕಪ್ಪ ಯಾರ್‍ಯಾರಿಗೋ ವಾಟ್ಸ್ಯಾಪಿನಲ್ಲಿ ಕಳಿಸಿದ್ದ ದನಿಗಳನ್ನು ಹುಡುಕಿದಳು. ಹತ್ತೊಂಬತ್ತು ಸಿಕ್ಕವು. ಸೈಟು ಇರುವ ಹೋಸ್ಟಿಂಗ್ ಕಂಪನಿಯವರ ಬಳಿ ನಕಲು ಇರಬಹುದೇ ಎಂಬ ಯೋಚನೆಯೂ ಬಾರದಿರಲಿಲ್ಲ. ಆದರೆ ಖಾತೆ ಇದ್ದದ್ದು ಗಿರಿಯ ಹೆಸರಿನಲ್ಲಿ. ಅವನನ್ನು ಕೇಳಿದರೆ ‘ಹೇಗೆ ಹೋಯ್ತು ಅಕ್ಕ?’ ಎನ್ನುತ್ತಾನೆ. ಇಷ್ಟು ಅಗ್ಗದ ಪ್ಲಾನಿನಲ್ಲಿ ನಕಲು ಎಲ್ಲಿಂದ ಇರುತ್ತದೆ ಎಂದು ತಾನೇ ತೀರ್ಮಾನಿಸಿಕೊಂಡಳು. ಅಳತೆ ತೆಗೆಯದೆ ಬರೆದ ಉತ್ತರ ಅದು. ಬೇರೆ ಯಾರಾದರೂ ಬರೆದಿದ್ದರೆ ಅವಳೇ ಅಡ್ಡಗೆರೆ ಎಳೆಯುತ್ತಿದ್ದಳು.

ಒಂಬತ್ತನೆಯ ದಿನ, ಮಂಗಳವಾರ, ಊಟದ ಡಬ್ಬಿ ತೆರೆದು ಸುಮ್ಮನೆ ಕೂತಿದ್ದವಳನ್ನು ಸಬಾ ನೋಡಿದಳು.

“ಏನ್ ಫಾರಂ ಅಕ್ಕಾ, ಡಬ್ಬಿಗೂ ಸಹಿ ಬೇಕಾ? ತಿನ್ನಿ.”

“ಸಬಾ, ನಂಗೆ ಗೊತ್ತಿರೋ ಒಬ್ರು ಲೈವ್ ಸೈಟ್ ಮೇಲೇ ಸ್ಕ್ಯಾನ್ ಬಿಟ್ಬಿಟ್ರಂತೆ. ಎಲ್ಲಾ ಅಳಿಸಿಹೋಯ್ತಂತೆ.”

“ಯಾವೋನಕ್ಕ ಅವ್ನು ಪೆದ್ದ?” ಎಂದು ನಕ್ಕ ಸಬಾ, ಅವಳ ಮುಖ ನೋಡಿ ನಗು ನಿಲ್ಲಿಸಿದಳು. ಮೆಲ್ಲಗೆ ಕೇಳಿದಳು: “ಹೋಸ್ಟಿಂಗ್‌ನೋರನ್ನ ಕೇಳಿದ್ರಾ ಅಕ್ಕಾ? ಚೀಪ್ ಪ್ಲಾನಲ್ಲೂ ಕೆಲವ್ರು ಕಾಪಿ ಇಟ್ಟಿರ್ತಾರೆ.”

ರಾಧಾಮಣಿ ಮೆಟ್ಟಿಲಿಗೆ ಹೋಗಿ ಗಿರಿಗೆ ಫೋನ್ ಮಾಡಿದಳು.

“ಇರುತ್ತಲ್ಲ ಅಕ್ಕ,” ಎಂದ ಗಿರಿ. “ದಿನಾ ಬೆಳಗಿನ ಜಾವ ಒಂದ್ ಕಾಪಿ ತಗೋತಾರೆ. ಏಳು ದಿನ ಇಟ್ಕೊಂಡಿರ್ತಾರೆ, ಆಮೇಲೆ ಹಳೇದು ತೆಗೀತಾರೆ. ಯಾವತ್ತು ಹೋಗಿದ್ದು?”

“ಭಾನುವಾರ.”

“ಮೊನ್ನೆ ಭಾನುವಾರ ತಾನೇ? ಹಂಗಾದ್ರೆ ಯೋಚ್ನೆನೇ ಇಲ್ಲ ಬಿಡಿ, ಹತ್ತು ನಿಮಿಷದ ಕೆಲಸ.”

“ಮೊನ್ನೇದಲ್ಲ ಗಿರಿ. ಅದರ ಹಿಂದಿನ ಭಾನುವಾರ.”

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು. ಅವನು ಖಾತೆ ತೆರೆದು ನೋಡುತ್ತಿದ್ದ. “ಇರೋ ಏಳೂ ಖಾಲಿ ಅಕ್ಕ,” ಎಂದ. “ಮೂರು ದಿನ ಮುಂಚೆ ಹೇಳಿದ್ರೂ ಸಿಕ್ತಿತ್ತು.”

ಬುಧವಾರ ಬೆಳಗ್ಗೆ ರಜೆ ಹಾಕಿ ಚಿಕ್ಕಪ್ಪನ ಮನೆಗೆ ಹೋದಳು. ಬಾಗಿಲಲ್ಲೇ ಸಿಕ್ಕ ಚಿಕ್ಕಮ್ಮ ಅವಳನ್ನು ಪಕ್ಕಕ್ಕೆ ಎಳೆದುಕೊಂಡರು. ಈ ಸಲ ತಮಾಷೆ ಇರಲಿಲ್ಲ.

“ವಾರದಿಂದ ಮನೆ ಮನೆ ಸುತ್ತವ್ರೆ ಕಣವ್ವ. ‘ನಿಮ್ಮಪ್ಪನ ದನಿ ನನ್ ಕೈಯಿಂದ ಓಯ್ತು, ತಪ್ಪಾಯ್ತು’ ಅಂತ ಯೋಳ್ಕಂಡು. ಅನ್ನೊಂದು ಮನೆ ಆಯ್ತು. ಫೋನ್ ಮುಟ್ಟಲ್ಲ. ಸ್ಟವ್ ಆರಿಸಿದ್ನಾ ಅಂತ ಮೂರ್ ಮೂರ್ ಸಲ ಎದ್ದೋಗಿ ನೋಡ್ತಾರೆ. ನಂಗೆ ಮರೆವು ಬಂದ್ಬಿಟ್ಟೈತೆ ಅಂತಾರೆ.”

ರಾಧಾಮಣಿ ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೋದದ್ದು ದನಿಗಳು ಎಂದು ಮಾತ್ರ ಅವಳು ತಿಳಿದಿದ್ದಳು. ತನ್ನ ತಲೆಯ ಮೇಲೆ ತನಗಿದ್ದ ನಂಬಿಕೆಯನ್ನೇ ಒಬ್ಬ ಮನುಷ್ಯ ಒಂಬತ್ತು ದಿನದಲ್ಲಿ ಕಳೆದುಕೊಂಡಿದ್ದ.

ಒಳಗೆ ಚಿಕ್ಕಪ್ಪ ಹಳೆಯ ನೋಟುಬುಕ್ಕಿನಿಂದ ಹೆಸರುಗಳನ್ನು ಮತ್ತೆ ಬರೆದುಕೊಳ್ಳುತ್ತಿದ್ದರು. ಅವಳು ನೆಲದ ಮೇಲೆ ಕೂತು ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಎಷ್ಟು ಗಂಟೆಗೆ ಶುರುಮಾಡಿದ್ದು, ಏನು ಕೇಳದೆ ಬಿಟ್ಟದ್ದು, ಏನು ಒತ್ತಿಹೋದದ್ದು, ಸೋಮವಾರ ಏನು ಹೇಳದೆ ಉಳಿದದ್ದು, ನಿನ್ನೆಯಷ್ಟೇ ಗಿರಿಯನ್ನು ಕೇಳಿದ್ದು. ಅವರು ಪೆನ್ನಿನ ಮುಚ್ಚಳ ಹಾಕಿದರು.

“ಅಂಗಾದ್ರೆ ನಾನೊತ್ತಿದ್ದಲ್ಲ.”

“ಅಲ್ಲ ಚಿಕ್ಕಪ್ಪ. ನೀವು ಫೋಟೋ ಹಾಕೋ ಹೊತ್ತಿಗೆ ಎಲ್ಲಾ ಹೋಗಿತ್ತು.”

ಅವರ ಮುಖದಲ್ಲಿ ಒಂದು ಗಳಿಗೆ ಹಗುರವಾದದ್ದು ಕಂಡಿತು. ಆಮೇಲೆ ಕೇಳಿದರು: “ಆ ಹುಡುಗನ್ನ ಮೊದ್ಲೇ ಕೇಳಿದ್ರೆ ವಾಪಸ್ ಬತ್ತಿತ್ತಾ?”

ಇಲ್ಲ ಎಂದರೆ ಇಬ್ಬರಿಗೂ ಸುಲಭವಾಗುತ್ತಿತ್ತು.

“ಬರ್ತಿತ್ತು. ಎಲ್ಲಾನೂ.”

ಅವರು ನೋಟುಬುಕ್ಕಿನ ಹಾಳೆ ಮಗುಚಿದರು. ಬೈಯಲಿಲ್ಲ. ಬೈದಿದ್ದರೆ ಎದ್ದು ಹೋಗಲು ಒಂದು ದಾರಿಯಾದರೂ ಆಗುತ್ತಿತ್ತು.

“ನಾನು ಆ ಹನ್ನೊಂದೂ ಮನೆಗೆ ಹೋಗಿ ಹೇಳ್ತೀನಿ ಚಿಕ್ಕಪ್ಪ.”

“ಬ್ಯಾಡ.”

“ನಿಮ್ಮ ಮೇಲೆ ಯಾಕೆ ಬರ್ಬೇಕು?”

“ನರಸಿಂಹಯ್ಯನ ಮಗಳೇ ಅಳಿಸಿದ್ಲು ಅಂದ್ರೆ ಈ ಊರು ಬರೀ ಇದನ್ನ ಮಾತಾಡಲ್ಲ ಮಗ. ಅಪ್ಪ ಹೊಲ ತಗಂಡ, ಮಗಳು ಹೊಲದ್ ಹೆಸ್ರೂ ತಗಂಡ್ಲು ಅಂತದೆ. ಅವ್ನು ಓಗಿ ಎಷ್ಟ್ ವರ್ಷ ಆಯ್ತು. ಅದ್ಯಾಕೀಗ.” ಪೆನ್ನಿನ ಮುಚ್ಚಳ ಮತ್ತೆ ತೆಗೆದರು. “ನಂಗೆ ಎಪ್ಪತ್ತೆರಡು. ನನ್ ತಪ್ಪು ಅಂದ್ರೆ ಯಾರೂ ಏನೂ ಅನ್ನಲ್ಲ.”

ಆ ಮಾತನ್ನು ಅವಳು ಮೀರಿದಳು. ಶನಿವಾರ ಸ್ಕೂಟರ್ ತೆಗೆದುಕೊಂಡು ಹೊರಟಳು. ಮೊದಲು ಲಕ್ಕಣ್ಣನ ಮನೆ. ಅವರ ತಂದೆಯ ದನಿ ಸೈಟಿನಲ್ಲಿ ಆರು ನಿಮಿಷ ಇತ್ತು. ಅವಳು ಹೇಳಿದ್ದನ್ನೆಲ್ಲ ಕೇಳಿ ಲಕ್ಕಣ್ಣ ತಲೆಯಾಡಿಸಿದರು.

“ಮುನಿಯಣ್ಣ ಬಂದು ಯೋಳವ್ರೆ ಕಣಮ್ಮ. ಪಾಪ, ವಯಸ್ಸಾಯ್ತು. ನೀನು ಓದಿರೋಳು, ನಿನ್ ಕೈಯಲ್ಲಿ ಅಂಗಾಗ್ತದಾ? ಓಗ್ಲಿ ಬಿಡು, ಕಾಫಿ ಕುಡಿ.”

ಸ್ಕ್ಯಾನರ್, ಲಾಗಿನ್ ಎಂದು ಅವಳು ಇನ್ನೊಮ್ಮೆ ಬಿಡಿಸಿ ಹೇಳಿದಳು. ಹೇಳಿದಷ್ಟೂ ಅದು ಕಟ್ಟಿದ ಕಥೆಯಂತೆ ಕೇಳಿಸಿತು. ಮುದುಕನೊಬ್ಬ ತಪ್ಪು ಗುಂಡಿ ಒತ್ತಿದ ಎಂಬುದು ಎಲ್ಲರಿಗೂ ಅರ್ಥವಾಗುವ ಸಂಗತಿ. ಅವಳ ಸತ್ಯ ಯಾರಿಗೂ ಅರ್ಥವಾಗುವಂಥದ್ದಲ್ಲ. ಎರಡನೆಯ ಮನೆಯಲ್ಲೂ ಅದೇ ಆಯಿತು.

ಮೂರನೆಯದು ಕೆಂಪಾಪುರದಲ್ಲಿ ನಜ್ಮುನ್ನೀಸಾ ಅವರ ಮನೆ. ಅವರ ಗಂಡ ಖಾದರ್ ಬಾಷಾ ಬಾವಿ ತೋಡುವ ಕೆಲಸ ಮಾಡಿದವರು. ಈ ಸುತ್ತಿನ ಹದಿನಾಲ್ಕು ಬಾವಿಗಳ ಆಳವನ್ನು ನೆನಪಿನಿಂದಲೇ ಹೇಳಿದ್ದರು. ಅವರು ತೀರಿಕೊಂಡು ಎರಡು ವರ್ಷ. ಪ್ರತಿ ಶುಕ್ರವಾರ ಮೊಮ್ಮಗಳ ಫೋನಿನಲ್ಲಿ ಸೈಟು ತೆರೆಸಿ ನಜ್ಮುನ್ನೀಸಾ ಆ ಮೂರು ನಿಮಿಷ ಕೇಳುತ್ತಿದ್ದರು. ಸಿಕ್ಕ ಹತ್ತೊಂಬತ್ತು ದನಿಗಳಲ್ಲಿ ಅದು ಇರಲಿಲ್ಲ.

ರಾಧಾಮಣಿ ಈ ಸಲ ಉಪಕರಣಗಳ ಮಾತೇ ಎತ್ತಲಿಲ್ಲ. “ಅಮ್ಮ, ಅಳಿಸಿದ್ದು ನಾನು. ಚಿಕ್ಕಪ್ಪ ಅಲ್ಲ,” ಎಂದಳು. “ಆಮೇಲೂ ಸಿಗ್ತಿತ್ತು. ನಾನು ಹೇಳೋಕೆ ಹೆದರಿ ಸುಮ್ನಿದ್ದೆ. ಅದಕ್ಕೇ ಹೋಯ್ತು.”

ನಜ್ಮುನ್ನೀಸಾ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ನಿಮ್ ಚಿಕ್ಕಪ್ಪ ಇಲ್ಲೇ ಕೂತಿದ್ರು ಬೇಟಿ. ಚಾ ಕೊಟ್ರೆ ಕುಡೀಲಿಲ್ಲ. ಗಂಡಸು ಹಂಗೆ ಅಳೋದು ನಾನು ನೋಡಿಲ್ಲ. ಈಗ ನೀನು ಬಂದು ನಾನ್ ಮಾಡ್ದೆ ಅಂತೀಯ. ಸ್ವಂತ ಮಗಳೂ ಇಷ್ಟು ಮಾಡಲ್ಲ.”

“ಇಲ್ಲಮ್ಮ, ನಿಜವಾಗ್ಲೂ...”

“ಗೊತ್ತು ಬಿಡು. ಅವರಿಗೆ ಹೇಳು, ನಾವು ಮಾಫ್ ಮಾಡಿದೀವಿ ಅಂತ. ಅವರೇನ್ ಬೇಕೂಂತ ಮಾಡಿದ್ರಾ? ಮನಸ್ಸಿಗೆ ಹಚ್ಕೋಬೇಡಿ ಅಂತ ಹೇಳು.”

ಇನ್ನೊಂದು ಸಲ ಹೇಳಲು ಬಾಯಿ ತೆರೆದಳು. ಆ ಮುದುಕಿಯ ಮುಖದಲ್ಲಿ ತನ್ನ ಬಗ್ಗೆ ಇದ್ದ ಮೆಚ್ಚುಗೆಯನ್ನು ನೋಡಿದಳು. “ಹೇಳ್ತೀನಮ್ಮ,” ಎಂದು ಎದ್ದಳು.

ಉಳಿದ ಎಂಟು ಮನೆಗಳಿಗೂ ಹೋಗಿಬಂದಳು. ಎರಡು ಮನೆಗಳಲ್ಲಿ ನಂಬಿದಂತೆ ಕಂಡಿತು. ಆರರಲ್ಲಿ ಒಳ್ಳೆಯ ಹುಡುಗಿ ಎಂದು ಹೊಗಳಿ ಕಳಿಸಿದರು. ಚಿಕ್ಕಪ್ಪನ ಮನೆಗೆ ಈಗಲೂ ಭಾನುವಾರ ಹೋಗುತ್ತಾಳೆ. ಅವರು ನೋಟುಬುಕ್ಕಿನಿಂದ ಓದುತ್ತಾರೆ, ಅವಳು ಹೆಸರುಗಳನ್ನು ಒಂದೊಂದಾಗಿ ಸೈಟಿಗೆ ಹಾಕುತ್ತಾಳೆ. ದನಿಯ ಗುಂಡಿ ಇರಬೇಕಾದ ಜಾಗ ನೂರ ನಲವತ್ತನಾಲ್ಕು ಕಡೆ ಖಾಲಿ. ನಜ್ಮುನ್ನೀಸಾ ಹೇಳಿಕಳಿಸಿದ ಮಾಫಿಯ ಮಾತನ್ನು ಚಿಕ್ಕಪ್ಪನಿಗೆ ಅವಳು ಇನ್ನೂ ಹೇಳಿಲ್ಲ.